ತಂಗಿಯ ಬೋಣಿ

ಖಾಲಿ ಬಿಟ್ಟ ಜಾಗಕ್ಕೆ ನಾನು ಹೆದರುವುದಿಲ್ಲ. ಅರ್ಜಿಯಲ್ಲಿ ಒಂದು ಪ್ರಶ್ನೆಗೆ ಉತ್ತರ ಬರೆಯದೆ ಬಿಟ್ಟವನು ಇನ್ನೂ ಯೋಚಿಸುತ್ತಿದ್ದಾನೆ ಎಂದರ್ಥ. ಸ್ವಲ್ಪ ಕಾದರೆ ಹೇಳುತ್ತಾನೆ. ನನ್ನನ್ನು ತಡೆದು ನಿಲ್ಲಿಸುವುದು ತಟ್ಟನೆ ಬರೆದ 'ಇಲ್ಲ'. ಲ್ಯುಬೆನ್ ಗೆರ್ಜಿಕೊವ್ ಬರೆದದ್ದು ಅಂಥ 'ಇಲ್ಲ'.

ಬಲ್ಗೇರಿಯಾದ ಪ್ಲೊವ್‌ದಿವ್‌ನಲ್ಲಿ ನಾವು ಐದು ಜನ ಸೇರಿ ನಡೆಸುವುದು ಡೊಮೇನ್ ಹೆಸರುಗಳ, ಅಂದರೆ ಜಾಲತಾಣಗಳ ವಿಳಾಸಗಳ, ಸಂತೆ. ಯಾವಾಗಲೋ ಒಂದು ಒಳ್ಳೆಯ ಹೆಸರನ್ನು ನೋಂದಾಯಿಸಿ ಇಟ್ಟುಕೊಂಡವರು ಅದನ್ನು ನಮ್ಮ ಜಾಲತಾಣದಲ್ಲಿ ಹರಾಜಿಗಿಡುತ್ತಾರೆ. ಆ ಹೆಸರಿನಲ್ಲಿ ತಮ್ಮ ವ್ಯಾಪಾರ ತೆರೆಯಬೇಕೆಂದಿರುವವರು ಬೆಲೆ ಕೂಗುತ್ತಾರೆ. ಕೊಳ್ಳುವವನಿಗೆ ಮಾರುವವನ ಮುಖ ಕಾಣುವುದಿಲ್ಲ. ಸ್ನೇಹಿತನ ಕೈಲಿ ಕೂಗಿಸಿ ಬೆಲೆ ಏರಿಸುವುದು ಈ ದಂಧೆಗೆ ಅಂಟಿದ ಹಳೆಯ ರೋಗ. ಅದಕ್ಕೇ ಮಾರ್ಚ್‌ನಿಂದ ಮಾರುವವರೆಲ್ಲ ಒಂದು ಘೋಷಣೆಯ ಅರ್ಜಿ ತುಂಬಲೇಬೇಕೆಂದು ಮಾಡಿದೆವು. ಹೆಸರು ನಿಮ್ಮೊಬ್ಬರದೇ? ಅದರ ಮೇಲೆ ವ್ಯಾಜ್ಯವೇನಾದರೂ ಇದೆಯೇ? ಹೀಗೆ ಏಳು ಪ್ರಶ್ನೆಗಳು. ಐದನೆಯದು: ನಿಮ್ಮ ಹರಾಜಿನಲ್ಲಿ ಕೂಗುವವರಲ್ಲಿ ನಿಮ್ಮ ಬಂಧುಗಳು ಇದ್ದಾರೆಯೇ?

ಪ್ರಶ್ನೆಗಳನ್ನು ಬರೆದವಳು ನಾನೇ. ತತ್ತ್ವಶಾಸ್ತ್ರ ಓದಿದವಳಿಂದ ಕೊನೆಗೂ ಒಂದು ಉಪಯೋಗವಾಯಿತು ಎಂದು ನಮ್ಮ ಯಜಮಾನ ಜಿವ್ಕೊ ಎಲ್ಲರೆದುರಿಗೇ ಹೇಳಿದ್ದ.

ಲ್ಯುಬೆನ್ ಮೂವತ್ತು ವರ್ಷ ಶನಿವಾರದ ಸಂತೆಯಲ್ಲಿ ಗುಂಡಿ, ಜಿಪ್ಪು, ದಾರ ಮಾರಿದವರು. ಮಂಡಿನೋವು ಬಂದು ಮಳಿಗೆ ಬಿಟ್ಟ ಮೇಲೆ ಹೆಸರುಗಳ ವ್ಯಾಪಾರಕ್ಕೆ ಇಳಿದರು. ಗುಂಡಿ ಆರಿಸಿದ ಹಾಗೇ ಹೆಸರು ಆರಿಸುತ್ತಾರೆ. ಚಿಕ್ಕದು, ಗಟ್ಟಿ, ಎಲ್ಲಿ ಹೊಲಿದರೂ ಹೊಂದುವಂಥದ್ದು. ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ 'ಚಿಚೊ ಲ್ಯುಬೆನ್' ಎನ್ನುತ್ತಾರೆ, ಮನೆಯ ಚಿಕ್ಕಪ್ಪನನ್ನು ಕರೆದಂತೆ. ನಮ್ಮಲ್ಲಿ 'ನಂಬಿಕಸ್ಥ' ಎಂಬ ಮುದ್ರೆ ಇರುವುದು ಹನ್ನೊಂದು ಮಾರಾಟಗಾರರಿಗೆ ಮಾತ್ರ. ಅವರಲ್ಲಿ ಇವರು ಒಬ್ಬರು.

ಏಪ್ರಿಲ್ ಕೊನೆಯಲ್ಲಿ ಅವರು 'ರೊಜೊಬೆರ್' ಅನ್ನು ಹರಾಜಿಗಿಟ್ಟರು. ಗುಲಾಬಿ ಕೊಯ್ಲಿಗೆ ನಮ್ಮಲ್ಲಿ ಹೇಳುವ ಮಾತು ಅದು. ಹನ್ನೊಂದು ವರ್ಷ ಕೈಯಲ್ಲಿಟ್ಟುಕೊಂಡು ಕಾದಿದ್ದ ಹೆಸರು. ಮೇ ತಿಂಗಳಲ್ಲಿ ಹೂವು ಬಿಡುವ ಹೊತ್ತಿಗೆ ಗುಲಾಬಿ ಎಣ್ಣೆಯವರು, ಸಾಬೂನಿನವರು ಎಲ್ಲ ಹೊಸ ಹೆಸರು ಹುಡುಕುತ್ತಾರೆಂದು ಅವರಿಗೆ ಗೊತ್ತಿತ್ತು. ಲೆಕ್ಕ ತಪ್ಪಲಿಲ್ಲ. ಮೂರೇ ದಿನದಲ್ಲಿ ಒಂದು ಸಾಬೂನು ಕಾರ್ಖಾನೆ ಯಾರೂ ಎಣಿಸದ ಬೆಲೆಗೆ ಏರಿ ಕೂತಿತ್ತು.

ಮೂರನೆಯ ದಿನ ನಾನು ಕೂಗುಗಳ ಪಟ್ಟಿ ನೋಡುತ್ತಿದ್ದೆ. ಎಲ್ಲಕ್ಕಿಂತ ಮೊದಲಿನದು ಹತ್ತು ಯೂರೋ. ಹರಾಜು ತೆರೆದ ನಾಲ್ಕೇ ನಿಮಿಷಕ್ಕೆ ಬಂದದ್ದು. ಕೂಗಿದವಳು ಸ್ತಾಂಕಾ ಮಿಹೋವಾ. ಅವಳ ಇಂಟರ್ನೆಟ್ ಸಂಪರ್ಕವೂ ಲ್ಯುಬೆನ್‌ರದೂ ಒಂದೇ ಮನೆಯದು. ಅವರ ಹಳೆಯ ಹರಾಜುಗಳನ್ನು ತೆಗೆದೆ. ಅರವತ್ತೆರಡು. ಅರವತ್ತೆರಡರಲ್ಲೂ ಮೊದಲ ಕೂಗು ಸ್ತಾಂಕಾಳದೇ. ಐದನೆಯ ಪ್ರಶ್ನೆಯ ಎದುರು, ಅವರದೇ ಕೈಬರಹದಲ್ಲಿ, 'ಇಲ್ಲ'.

ಜಿವ್ಕೊ ಪಟ್ಟಿ ನೋಡಿ ಕುರ್ಚಿ ಹಿಂದಕ್ಕೆ ತಳ್ಳಿದ. ನಿಯಮ ಸ್ಪಷ್ಟವಾಗಿತ್ತು, ಅದನ್ನು ಬರೆದವಳೂ ನಾನೇ. ಹರಾಜು ರದ್ದು, ಖಾತೆ ಬಂದ್, ಮುದ್ರೆ ಹೋಗುತ್ತದೆ, ಯಾಕೆ ಹೋಯಿತೆಂದು ಎಲ್ಲ ಗಿರಾಕಿಗಳಿಗೂ ಕಾಣುವಂತೆ ಹಾಕುತ್ತೇವೆ. ಅದಕ್ಕೆ ಮೊದಲು ಮಾರಾಟಗಾರನಿಗೆ ಒಂದು ದಿನದ ಸಮಯ. ಹರಾಜು ತಡೆಹಿಡಿದು ಅವರಿಗೆ ಪತ್ರ ಕಳಿಸಿದೆ. ಮಾರನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಗಡುವು. ಬೆಳಗಿನವರೆಗೆ ಉತ್ತರವಿಲ್ಲ, ಫೋನೂ ಎತ್ತಲಿಲ್ಲ.

ನಾನೇ ಹೋಗಿ ಬರುತ್ತೇನೆಂದೆ. ಆ ಪಟ್ಟಿ ಇನ್ನೂ ಏನೋ ಹೇಳುತ್ತಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಬೆಲೆ ಏರಿಸುವವರು ಎರಡು ಸಲ, ಹತ್ತು ಸಲ ಕೂಗುತ್ತಾರೆ, ಕೊನೆಯ ಗಂಟೆಯಲ್ಲಿ ಕೂಗುತ್ತಾರೆ. ಈ ಹೆಂಗಸು ಯಾವ ಹರಾಜಿನಲ್ಲೂ ಎರಡನೆಯ ಸಲ ಬಾಯಿ ಬಿಟ್ಟಿರಲಿಲ್ಲ. ನಾಲ್ಕು ಹರಾಜುಗಳಲ್ಲಿ ಬೇರೆ ಯಾರೂ ಬಾರದೆ ಹೆಸರು ಅವಳ ಪಾಲಿಗೇ ಬಂದಿತ್ತು. ನಾಲ್ಕಕ್ಕೂ ಅವಳು ದುಡ್ಡು ಕಟ್ಟಿದ್ದಳು.

"ನೀನು ಹೋದ್ರೆ ಅವರ ಮೌನ ಕೇಳಿಸ್ಕೊಂಡು ಬರ್ತೀಯ," ಎಂದ ಜಿವ್ಕೊ. "ನಂಗೆ ಅದು ಬೇಡ. ನಾಲ್ಕು ಗಂಟೆ ಒಳಗೆ ಅವರ ಕೈಬರಹ ಬೇಕು."

ನದಿಯಾಚೆಯ ಕಾರ್ಶಿಯಾಕಾ ಬಡಾವಣೆಯಲ್ಲಿ ಅವರ ಮನೆ. ಕೆಳಗೆ ಲ್ಯುಬೆನ್, ಮೇಲೆ ಸ್ತಾಂಕಾ, ಅಂಗಳದಲ್ಲಿ ಇಬ್ಬರಿಗೂ ಸೇರಿದ ದ್ರಾಕ್ಷಿ ಚಪ್ಪರ. ಚಪ್ಪರದ ಕೆಳಗಿನ ಮೇಜಿನ ಮೇಲೆ ನನ್ನ ಪತ್ರ ಮುದ್ರಿಸಿ ಇಟ್ಟಿತ್ತು. ಹಾರಿಹೋಗದಂತೆ ಅದರ ಮೇಲೊಂದು ಉಪ್ಪಿನ ಡಬ್ಬಿ. ಲ್ಯುಬೆನ್ ಕಾಫಿ ಕಾಯಿಸಿ ತಂದರು. ಕೂತರು. ಅವರದು ಸಿಕ್ಕಿಬಿದ್ದವನ ಮೌನ ಅನ್ನಿಸಲಿಲ್ಲ. ಯಾವ ತಪ್ಪಿಗೆ ಬೈಯುತ್ತಿದ್ದಾರೆಂದು ಗೊತ್ತಾಗದವನು ಸುಮ್ಮನಿರುವ ರೀತಿ ಬೇರೆ. ಅವನ ಕೈಗಳು ಆಡುತ್ತಿರುತ್ತವೆ. ಅವರು ಮೇಜಿನ ಮೇಲಿನ ಒಣ ಎಲೆಗಳನ್ನು ಒಂದೊಂದಾಗಿ ಆರಿಸುತ್ತಿದ್ದರು.

ಕಡೆಗೆ ತಾವು ಈ ಜನ್ಮದಲ್ಲಿ ಯಾರಿಗೂ ಮೋಸ ಮಾಡಿಲ್ಲವೆಂದರು. ನಾನು ಹೌದೆಂದೆ. ಸ್ತಾಂಕಾ ಯಾರೆಂದು ಕೇಳಿದೆ. ತಂಗಿ ಎಂದರು. ಹಾಗಿದ್ದರೆ 'ಇಲ್ಲ' ಎಂದು ಯಾಕೆ ಬರೆದಿರಿ ಎಂದೆ.

"ನೀವು ಕೇಳಿದ್ದು ಕೂಗೋರ ವಿಷಯ," ಎಂದರು. "ಅದು ಕೂಗಲ್ಲ ಹುಡುಗಿ. ಬೋಣಿ."

ನಾನು ಕಾಫಿ ಲೋಟ ಕೆಳಗಿಟ್ಟೆ. ಎಷ್ಟು ಸರಳವಾಗಿತ್ತು. ಈ ಊರಿನ ಸಂತೆಯಲ್ಲಿ ಬೆಳೆದ ನನಗೆ ಇದು ನಿನ್ನೆಯೇ ಹೊಳೆಯಬೇಕಿತ್ತು. ಮೊದಲ ಗಿರಾಕಿಯ ಕೈಗುಣ ಚೆನ್ನಾಗಿದ್ದರೆ ಇಡೀ ದಿನ ವ್ಯಾಪಾರ ನಡೆಯುತ್ತದೆ. ಮೂವತ್ತು ವರ್ಷ ಸ್ತಾಂಕಾ ಕೆಲಸಕ್ಕೆ ಹೋಗುವ ಮುಂಚೆ ಅಣ್ಣನ ಮಳಿಗೆಗೆ ಬಂದು ಒಂದು ಗುಂಡಿ ಕೊಳ್ಳುತ್ತಿದ್ದಳಂತೆ. ಅವಳು ಕೊಟ್ಟ ನಾಣ್ಯವನ್ನು ಅವರು ಎಲ್ಲ ಡಬ್ಬಿಗಳ ಮೇಲೂ ಒಮ್ಮೆ ಸವರಿ ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದರಂತೆ. ಅಂಗಡಿ ಹೋಗಿ ಕಂಪ್ಯೂಟರ್ ಬಂತು. ಬೋಣಿ ಮಾತ್ರ ಉಳಿಯಿತು. ಹರಾಜು ತೆರೆದ ಕೂಡಲೇ ಅವರು ಕೋಲಿನಿಂದ ಚಾವಣಿಗೆ ಎರಡು ಸಲ ತಟ್ಟುತ್ತಾರೆ, ಮೇಲೆ ಅವಳು ಫೋನ್ ಒತ್ತುತ್ತಾಳೆ.

ಆಗ ಅವರಿಗೆ ನಿಯಮ ಬಿಡಿಸಿ ಹೇಳಿದೆ. ಬಂಧುಗಳು ಕೂಗಬಾರದೆಂದು ನಾವು ಎಲ್ಲೂ ಬರೆದಿಲ್ಲ. ಮುಚ್ಚಿಡಬಾರದು ಎಂದಿದ್ದೇವೆ. ಬರೆದುಕೊಟ್ಟರೆ ಆ ಕೂಗಿನ ಪಕ್ಕದಲ್ಲೇ 'ಮಾರುವವರ ತಂಗಿ' ಎಂದು ಕಾಣುತ್ತದೆ, ಹರಾಜು ಮತ್ತೆ ತೆರೆಯುತ್ತದೆ. ಆದರೆ ಈವರೆಗೆ ಅವರಿಂದ ಕೊಂಡ ಐವತ್ತೆಂಟು ಜನರಿಗೂ ಅದೇ ಘೋಷಣೆ ಹೋಗಬೇಕು. ಅದಕ್ಕಿಂತ ಕಡಿಮೆ ಮಾಡಲು ನನಗೆ ಬರುವುದಿಲ್ಲ.

ಅವರ ಕೈ ನಿಂತಿತು.

"ಐವತ್ತೆಂಟು ಜನಕ್ಕೆ ನಾನೇ ಕಾಗದ ಬರೆದು, ನಾನು ಕಳ್ಳ ಅನ್ಬೇಕು. ಅಲ್ವಾ?"

"ಕಳ್ಳ ಅಂತ ಬರೀಬೇಡಿ ಚಿಚೊ. ಆಗಿದ್ದು ಬರೀರಿ."

"ಬರೆದ ಮೇಲೆ ಅವರು ಓದೋದು ಅದನ್ನೇ."

ಪತ್ರವನ್ನು ಉಪ್ಪಿನ ಡಬ್ಬಿಯ ಕೆಳಗಿನಿಂದ ಎಳೆದು ಎರಡಾಗಿ ಮಡಚಿದರು. ಖಾತೆ ಬೇಕಾದರೆ ಮುಚ್ಚಿಕೊಳ್ಳಲಿ, ರೊಜೊಬೆರ್ ಬೇಕಾದರೆ ಇನ್ನೊಂದು ಹನ್ನೊಂದು ವರ್ಷ ಮನೆಯಲ್ಲೇ ಇರಲಿ, ತಾನು ಮಾಡದ ತಪ್ಪನ್ನು ತಾನೇ ಒಪ್ಪಿಕೊಂಡಂತೆ ಬರೆಯುವುದಿಲ್ಲ ಎಂದರು. ಗಂಟೆ ಎರಡು ದಾಟಿತ್ತು. ಖಾತೆ ಮುಚ್ಚಿದರೆ ಕಾರಣ ಬರೆಯುವವಳು ನಾನು, ಆ ಕಾರಣದಲ್ಲಿ ಬೋಣಿ ಎಂಬ ಮಾತು ಇರುವುದಿಲ್ಲ, 'ಬಂಧುವಿನಿಂದ ಗುಪ್ತವಾಗಿ ಕೂಗಿಸಿದ್ದಾರೆ' ಎಂದಿರುತ್ತದೆ ಎಂದೆ. ಗಟ್ಟಿಯಾಗಿಯೇ ಹೇಳಿದೆ. ಅವರ ಮೇಲೆ ನನಗಿದ್ದ ನಂಬಿಕೆಯಿಂದಲೇ ಅಷ್ಟು ಗಟ್ಟಿಯಾಗಿ ಹೇಳಲು ಸಾಧ್ಯವಾಯಿತು.

ಮೇಲಿನ ಮೆಟ್ಟಿಲಿಂದ ಸ್ತಾಂಕಾ ಇಳಿದು ಬಂದಳು. ದಪ್ಪನೆಯ ಹೆಂಗಸು, ಕೈಯಲ್ಲಿ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ರೊಟ್ಟಿಯ ತಟ್ಟೆ. ಕಿಟಕಿಯಿಂದ ಎಲ್ಲ ಕೇಳಿಸಿಕೊಂಡಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. ಮೊದಲು ನನಗೆ ಒಂದು ತುಂಡು ಕೊಟ್ಟು, ತನ್ನ ಪಾಲಿಗೆ ಬಂದ ನಾಲ್ಕು ಹೆಸರುಗಳ ಬಗ್ಗೆ ದೂರು ಹೇಳಿದಳು. ಅದರಲ್ಲೊಂದು ಎಡಗೈ ಕತ್ತರಿಗಳ ಹೆಸರಂತೆ. ಯಾರಿಗಾದರೂ ಬೇಕಾದರೆ ಪುಕ್ಕಟೆ ಕೊಡುತ್ತಾಳಂತೆ. ಆಮೇಲೆ ಅಣ್ಣನ ಕಡೆ ತಿರುಗಿದಳು.

"ಸಂತೇಲಿ ನಾನು ಕದ್ದು ಬಂದು ಗುಂಡಿ ತಗೋತಿದ್ನಾ?"

ಅವರು ಪತ್ರದ ಮಡಿಕೆಯನ್ನು ಉಗುರಿನಿಂದ ತೀಡಿದರು.

"ಹೇಳಪ್ಪಾ. ಪಕ್ಕದ ಮೆಣಸಿನಕಾಯಿಯೋನು ನೋಡ್ತಿದ್ದ. ಎದುರುಗಡೆ ಚಪ್ಪಲಿಯೋನು ನೋಡ್ತಿದ್ದ. 'ಬಂದ್ಲು ನೋಡು ಲ್ಯುಬೆನ್ ತಂಗಿ, ಇನ್ನು ಅಂಗಡಿ ತೆಗೀಬಹುದು' ಅಂತ ಎಲ್ರೂ ನಗೋರು. ಗಿರಾಕಿಗಳಿಗೂ ಗೊತ್ತಿತ್ತು. ಈಗ ಯಾರಿಗೆ ಕಾಣ್ಸುತ್ತೆ, ನಾನು ಮೇಲ್ಗಡೆ ಕೂತು ಒತ್ತಿದ್ರೆ? ಈ ಮಗು ಕೇಳ್ತಿರೋದು ಅಷ್ಟೇ. ಕಾಣೋ ಹಾಗೆ ಮಾಡು ಅಂತ."

ನಾನು ಮೂರು ತಿಂಗಳು ಕೂತು ಏಳು ಪ್ರಶ್ನೆ ಬರೆದಿದ್ದೆ. ಅವುಗಳ ಅರ್ಥವನ್ನು ಇಷ್ಟು ನೇರವಾಗಿ ನಾನು ಯಾರಿಗೂ ಹೇಳಿರಲಿಲ್ಲ, ಜಿವ್ಕೊಗೂ. ಸಂತೆಯಲ್ಲಿ ಲ್ಯುಬೆನ್ ಬಾಯಿ ಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಎಲ್ಲರ ಕಣ್ಣೂ ಅಲ್ಲಿತ್ತು. ಅಲ್ಲಿ ಮರ್ಯಾದೆಯಾಗಿದ್ದ ಅದೇ ಮೌನ ಇಲ್ಲಿ ಬಚ್ಚಿಡುವುದಾಗುತ್ತದೆಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ನನ್ನ ಅರ್ಜಿಯೂ ತಿಳಿಸಿರಲಿಲ್ಲ.

ಅವರು ತಂಗಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಜಾಗ ಮಾಡಿದರು. ಆಮೇಲೆ ನನ್ನ ಪೆನ್ನು ಕೇಳಿದರು. ನಾನು ಹೇಳಿಕೊಡಲು ಹೋಗಲಿಲ್ಲ. ಮಡಚಿದ ಪತ್ರದ ಹಿಂಬದಿಯಲ್ಲಿ ನಿಧಾನವಾಗಿ ಬರೆದರು:

"ನನ್ನ ಪ್ರತಿ ಹರಾಜಿನಲ್ಲೂ ಮೊದಲ ಕೂಗು ನನ್ನ ತಂಗಿ ಸ್ತಾಂಕಾಳದು. ಅದು ಬೋಣಿ. ಅವಳು ಹತ್ತು ಯೂರೋಗೆ ಒಂದೇ ಸಲ ಕೂಗುತ್ತಾಳೆ. ಬೇರೆ ಯಾರೂ ಬರದಿದ್ದರೆ ದುಡ್ಡು ಕೊಟ್ಟು ತಾನೇ ಇಟ್ಟುಕೊಳ್ಳುತ್ತಾಳೆ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಹೇಳಿರಲಿಲ್ಲ."

ಕೊನೆಯ ಎರಡು ವಾಕ್ಯಗಳನ್ನು ಬರೆಯಿರೆಂದು ನಾನು ಕೇಳಿರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಅದನ್ನು ಕಚೇರಿಗೆ ಕಳಿಸಿದೆ.

ಘೋಷಣೆ ಐವತ್ತೆಂಟು ಜನರಿಗೂ ಹೋಯಿತು. ಮೂವರು ಮಾತ್ರ ಉತ್ತರ ಬರೆದರು. ವಾರ್ನಾ ಊರಿನ ಒಬ್ಬ ಒರಟಾಗಿ ಬೈದಿದ್ದ. ಒಬ್ಬಾಕೆ ತಾನು ಕೊಂಡ ಹರಾಜಿನ ಪಟ್ಟಿ ತರಿಸಿಕೊಂಡು ನೋಡಿ, ಸರಿ ಎಂದಳು. ಇನ್ನೊಬ್ಬ ತನ್ನ ಅಂಗಡಿಗೆ ಬೋಣಿ ಮಾಡಲು ಸ್ತಾಂಕಾ ಎಷ್ಟು ತೆಗೆದುಕೊಳ್ಳುತ್ತಾಳೆ ಎಂದು ಕೇಳಿದ್ದ. ಉಳಿದವರು ಏನೂ ಹೇಳಲಿಲ್ಲ. ಅವರ ಮೌನಕ್ಕೆ ಅರ್ಥ ಹಚ್ಚಲು ನಾನು ಹೋಗಲಿಲ್ಲ.

ರೊಜೊಬೆರ್ ಹರಾಜು ಮತ್ತೆ ಎರಡು ದಿನಕ್ಕೆ ತೆರೆಯಿತು. ಸಾಬೂನು ಕಾರ್ಖಾನೆ ಮೊದಲ ಗಂಟೆಯಲ್ಲೇ ಹಿಂದೆ ಸರಿಯಿತು. ಅವರ ವಕೀಲರಿಗೆ ಇಂಥದ್ದು ಸೇರುವುದಿಲ್ಲವಂತೆ. ಜಿವ್ಕೊ ನನ್ನ ಮೇಜಿನ ಬಳಿ ಬಂದು ಪರದೆಯ ಮೇಲೆ ಇಳಿದ ಬೆಲೆಯನ್ನು ಬೆರಳಿಟ್ಟು ತೋರಿಸಿ ಹೋದ. ಕಾಜಾನ್‌ಲಕ್ ಕಡೆಯ ಇಬ್ಬರು ಗುಲಾಬಿ ಎಣ್ಣೆ ಬಟ್ಟಿಯವರು ಉಳಿದಿದ್ದರು. ಮಾರನೆಯ ಬೆಳಿಗ್ಗೆ ಅವರಲ್ಲೊಬ್ಬರು ಹರಾಜಿನ ಪುಟದಲ್ಲಿ ಪ್ರಶ್ನೆ ಕೇಳುವ ಜಾಗದಲ್ಲಿ ಬರೆದರು: ತಂಗಿ ಮತ್ತೆ ಕೂಗುತ್ತಾರಾ? 'ಇಲ್ಲ' ಎಂದು ಲ್ಯುಬೆನ್ ಉತ್ತರ ಕೊಟ್ಟರು. ಈ ಸಲದ 'ಇಲ್ಲ' ನನ್ನನ್ನು ತಡೆಯಲಿಲ್ಲ. ಹತ್ತು ನಿಮಿಷದಲ್ಲಿ ಕೂಗು ಮತ್ತೆ ಏರತೊಡಗಿತು, ಸಂಜೆಗೆ ಹೆಸರು ಮಾರಾಟವಾಯಿತು. ಕಾರ್ಖಾನೆ ಕೂಗಿದ್ದಕ್ಕಿಂತ ಕಡಿಮೆಗೆ. ಆದರೆ ನೋಡಿದವರು ನಗುವಷ್ಟು ಕಡಿಮೆಗಲ್ಲ.

ಲ್ಯುಬೆನ್ ಫೋನ್ ಮಾಡಿದರು. ಬೆಲೆಯ ಮಾತೆತ್ತಲಿಲ್ಲ. ಪುಟದಲ್ಲಿ ತಮ್ಮ ಹೆಸರಿನ ಪಕ್ಕ ಈಗ ಏನಿದೆ, ಓದು ಎಂದರು. ಓದಿದೆ. ಮುದ್ರೆ ಇದೆ. ಅದರ ಕೆಳಗೆ ಒಂದು ಹೊಸ ಸಾಲು: ಮೊದಲ ಕೂಗು ತಂಗಿಯದು, ಘೋಷಿಸಿದ್ದಾರೆ.

ಆ ಕಡೆಯಿಂದ ಪಾತ್ರೆ ತೊಳೆಯುವ ಸದ್ದು, ಸ್ತಾಂಕಾ ದೂರದಿಂದ ಏನೋ ಕೇಳಿದ್ದು, ಕುರ್ಚಿ ಎಳೆದದ್ದು ಕೇಳಿಸಿತು. ನಾನು ಕಾದೆ. ನನಗೆ ಅವಸರವಿರಲಿಲ್ಲ.

"ಇರ್ಲಿ, ಹಂಗೇ ಇರ್ಲಿ," ಎಂದರು. "ಸೋಮವಾರ ಇನ್ನೊಂದು ಹೆಸರು ಹರಾಜಿಗೆ ಇಡ್ಬೇಕು. ಅರ್ಜಿ ಕಳ್ಸು."