ಸರ್ವೇಯರರ ಕೆಮ್ಮು

"ಲೇ ಬೇವರ್ಸಿ, ಸರಪಳಿ ಎಳಿ ಅಂದ್ರೆ ಸತ್ತ ಹಾವು ಎಳ್ದಂಗೆ ಎಳೀತೀಯಲ್ಲೋ! ಬಿಗಿಯಾಗಿ ಹಿಡಿ!"

ಸರ್ವೇಯರ್ ಹನುಮಂತರಾಯಪ್ಪನವರು ಸರಪಳಿಯ ಹಿಂದಿನ ತುದಿಯನ್ನು ಬೂಟುಗಾಲಲ್ಲಿ ಮೆಟ್ಟಿಕೊಂಡು ಊರವರ ಕಿವಿಗೆ ಬೀಳುವಂತೆ ಬೈದರು. ಬೈದ ಬಾಯಲ್ಲೇ ಒಂದು ಸಲ ಕೆಮ್ಮಿದರು. ಮುಂದಿನ ತುದಿ ಹಿಡಿದಿದ್ದ ಪಾಪಯ್ಯನ ಕೈ ಸಡಿಲವಾಯಿತು.

ಬೈಗುಳ ಊರವರಿಗೆ, ಕೆಮ್ಮು ಪಾಪಯ್ಯನಿಗೆ. ಹನ್ನೊಂದು ವರ್ಷದಿಂದ ಹಾಗೆಯೇ ನಡೆದು ಬಂದಿತ್ತು. ಕೆಮ್ಮಿದರೆ ಸರಪಳಿ ಹೊಟ್ಟೆ ಬಿಟ್ಟುಕೊಂಡು ಮಲಗಬೇಕು. ಆಗ ಮೂವತ್ತಮೂರು ಅಡಿಯ ಸರಪಳಿ ನೆಲದ ಮೇಲೆ ಮೂವತ್ತೇ ಅಡಿ ನಡೆಯುತ್ತದೆ, ಕಾಗದದಲ್ಲಿ ಮಾತ್ರ ಪೂರ್ತಿ ಮೂವತ್ತಮೂರು. ಉಳಿದ ಮೂರಡಿ ಪಕ್ಕದ ಹೊಲದವನಿಗೆ. ಆ ಪಕ್ಕದ ಹೊಲದವನು ಹಿಂದಿನ ದಿನವೇ ಸರ್ವೇಯರರನ್ನು ಕಂಡು ಹೋಗಿರುತ್ತಾನೆ.

ತೊಂದರೆಯೆಂದರೆ ಸಾಹೇಬರಿಗೆ ಬೀಡಿ ಚಟ, ನಿಜವಾದ ಕೆಮ್ಮೂ ಬರುತ್ತಿತ್ತು. ಸಮೇತನಹಳ್ಳಿಯಲ್ಲೊಮ್ಮೆ ನೆಗಡಿಯಾಗಿ ಸಾಹೇಬರು ದಿನವೆಲ್ಲ ಕೆಮ್ಮಿದ್ದಕ್ಕೆ, ಸಂಜೆಯ ಹೊತ್ತಿಗೆ ಊರು ಕಾಗದದಲ್ಲಿ ಹಿಗ್ಗಿ ಪಕ್ಕದೂರಿನ ದೇವಸ್ಥಾನವನ್ನೇ ನುಂಗಿಬಿಟ್ಟಿತ್ತು.

ಸರ್ವೇಯರರ ಸಂಬಳ ಎಷ್ಟೆಂದು ಕಚೇರಿಯವರನ್ನು ಕೇಳಿದರೆ ನೂರಿಪ್ಪತ್ತು ಎನ್ನುತ್ತಿದ್ದರು. ಪಾಪಯ್ಯನ ಕತ್ತನ್ನು ಕೇಳಿದರೆ ತಾಲ್ಲೂಕಿಗೊಂದು ಲೆಕ್ಕ ಹೇಳುತ್ತಿತ್ತು, ಏಕೆಂದರೆ ಗಿಂಬಳವನ್ನು ಬಸ್ಸಿನವರೆಗೆ ಹೊರುತ್ತಿದ್ದುದು ಅದೇ. ಹೊಸಕೋಟೆ ಕಡೆ ಆಲೂಗಡ್ಡೆ, ಬೆಲ್ಲ, ತುಪ್ಪದ ಡಬ್ಬ: ಕತ್ತು ಭುಜದೊಳಕ್ಕೆ ಇಳಿಯುವಷ್ಟು. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಸೀರೆ, ಹೂವಿನಷ್ಟು ಹಗುರ. ಕತ್ತಿಗೆ ಬಲು ಮೆಚ್ಚಿನ ತಾಲ್ಲೂಕು ಅದು. ದೇವನಹಳ್ಳಿ ತಾಲ್ಲೂಕಿನ ಈ ಕುಂದಾಣದ ಕಡೆ ಬರೀ ಹುರುಳಿ, ಹೆಚ್ಚೆಂದರೆ ಮೇಲೊಂದು ಹುಂಜ. "ಒಣ ಹೋಬಳಿ ಕಣೋ, ನನ್ನ ಹಣೇಬರ" ಎಂದು ಇಲ್ಲಿಗೆ ವರ್ಗವಾದ ದಿನ ಸಾಹೇಬರು ಕಣ್ಣು ಒರೆಸಿಕೊಂಡಿದ್ದರು. ಪಾಪಯ್ಯನ ಕೂಲಿ ಮಾತ್ರ ಮೂರು ತಾಲ್ಲೂಕಿನಲ್ಲೂ ದಿನಕ್ಕೆ ಒಂದೂವರೆ ರೂಪಾಯಿ. ಯಾವ ವರ್ಗಾವಣೆಗೂ ಅದು ಅಳ್ಳಾಡಿರಲಿಲ್ಲ.

ಇವತ್ತು ಅಳೆಯುತ್ತಿದ್ದುದು ಪಾಪಯ್ಯನದೇ ಹೊಲ. ಊರ ಚಾಕರಿಗೆಂದು ಅಪ್ಪನ ಕಾಲದಲ್ಲಿ ಬಿಟ್ಟಿದ್ದ ತೋಟಿ ಇನಾಮು, ಹೋದ ವರ್ಷ ಅವನ ಹೆಸರಿಗೆ ಮಂಜೂರಾಗಿತ್ತು. ಉದ್ದ ಆರು ಸರಪಳಿ, ಅಗಲ ಐದು. ಮೂಡಲ ಅಂಚಿನಲ್ಲಿ ಅವನೂ ಹೆಂಡತಿ ಮುನಿತಾಯಮ್ಮನೂ ಮೂರು ಬೇಸಿಗೆ ಕೂತು ತೋಡಿದ ಬಾವಿ. ಅದರಾಚೆಗೆ ಅಪ್ಪಯ್ಯಣ್ಣನ ರಾಗಿ ಹೊಲ.

ಪಡುವಲ ಕಲ್ಲಿನಿಂದ ಹೊರಟ ಆರನೆಯ ಸರಪಳಿ ಬಾವಿಯ ಈಚೆಗೇ ಮುಗಿಯಿತು. ಅಪ್ಪಯ್ಯಣ್ಣನ ಆಳುಗಳು ಅಲ್ಲೇ ಗಡಿಕಲ್ಲು ನೆಟ್ಟರು.

"ಸ್ವಾಮಿ, ಬಾವಿ ಆಚ್ಗಾಯ್ತು" ಎಂದ ಪಾಪಯ್ಯ.

"ಆರು ಸರಪಳಿ ಆಯ್ತೋ ಇಲ್ವೋ? ಎಳ್ದೋನು ನೀನೇ ತಾನೆ?"

ಅಪ್ಪಯ್ಯಣ್ಣ ನಕ್ಕ. "ನಿನ್ ಕೈಯಿಂದ್ಲೇ ನಿನ್ ಹೊಲ ಅಳ್ಸಿದೀವಿ, ಇನ್ನೇನ್ ನ್ಯಾಯ ಬೇಕ್ಲಾ ನಿಂಗೆ? ಇನ್ಮೇಲೆ ಬಾವಿ ತಾವ ಬಂದ್ರೆ ಕಾಲು ಮುರೀತೀನಿ. ನೀರು ಶುದ್ಧಿ ಮಾಡ್ಸಕ್ಕೆ ಐನೋರ್ಗೂ ಹೇಳ್ಕಳ್ಸಾಯ್ತು."

ಮುನಿತಾಯಮ್ಮ ಬದುವಿನಿಂದ ಓಡಿಬಂದಳು. "ಅಯ್ಯೋ ಮೂದೇವಿ, ಯಾಕ್ ಸಡ್ಲ ಬಿಟ್ಟೆ?"

"ಅವ್ರು ಕೆಮ್ಮುದ್ರು ಕಣೇ."

"ಕೆಮ್ಮುದ್ರೆ ಬಾವಿ ಕೊಟ್ಬಿಡದಾ? ಇನ್ನು ಸೀನಿದ್ದಿದ್ರೆ ನನ್ನೂ ಕೊಟ್ಬಿಡ್ತಿದ್ದೇನೋ!"

ಪಾಪಯ್ಯ ತನ್ನ ಕೈಯನ್ನೇ ನೋಡಿಕೊಂಡ. ಹನ್ನೊಂದು ವರ್ಷದಲ್ಲಿ ಆ ಕೈ ಯಾರ ಹೊಲ ಎಂದು ಒಮ್ಮೆಯೂ ಕೇಳಿರಲಿಲ್ಲ. ಇವತ್ತೂ ಕೇಳಲಿಲ್ಲ.

ಅಷ್ಟರಲ್ಲಿ ಗಿಂಬಳ ಬಂತು. ಹುರುಳಿ ಮೂಟೆ, ಅದರ ಮೇಲೆ ಎರಡು ಬೂದುಗುಂಬಳ, ಪಕ್ಕದಲ್ಲಿ ಕೋಡು ಸುರುಳಿ ಸುತ್ತಿದ ಟಗರು. ಕುಂದಾಣದ ಕಡೆ ಟಗರು ಬಂದದ್ದು ಇದೇ ಮೊದಲು. ಹನುಮಂತರಾಯಪ್ಪನವರ ಮುಖದಲ್ಲಿ ಹೊಸಕೋಟೆಯ ಕಳೆ ಮೂಡಿತು.

"ಎತ್ಕೊಳ್ಳೋ, ಬಸ್ ಬರೋ ಹೊತ್ತಾಯ್ತು."

ಪಾಪಯ್ಯ ಮೂಟೆಯ ಸುತ್ತ ಒಂದು ಸುತ್ತು ಬಂದ, ಟಗರಿನ ಬೆನ್ನು ಸವರಿದ. ತನ್ನ ಬಾವಿ ಇಷ್ಟು ತೂಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ನಿಮ್ ಸಂಬ್ಳ ಸ್ವಾಮಿ, ನೀವೇ ಹೊತ್ಕಳಿ" ಎಂದವನೇ ಸರಪಳಿಯನ್ನು ಹೆಗಲಿಗೇರಿಸಿ ಪಡುವಲ ಕಲ್ಲಿನತ್ತ ನಡೆದ.

"ಲೇಯ್! ಸರ್ಕಾರಿ ಸರಪಳಿ ಕಣೋ ಅದು!"

"ನಾನೂ ಸರ್ಕಾರಿ ಕೂಲಿನೇ. ಸಂಜೆಗಂಟ ಕೂಲಿ ಐತೆ. ಮುನಿತಾಯಿ, ಈ ತುದಿ ಹಿಡಿ."

ಹನುಮಂತರಾಯಪ್ಪನವರು ಕೆಮ್ಮಿದರು. ಸರಪಳಿ ಬಿಗಿಯಾಯಿತು. ಇನ್ನೂ ಜೋರಾಗಿ ಕೆಮ್ಮಿದರು. ಇನ್ನೂ ಬಿಗಿಯಾಯಿತು. ಕೊನೆಗೆ ನಿಜವಾದ ಕೆಮ್ಮೇ ಹತ್ತಿಕೊಂಡು, ಕಣ್ಣು ಕೆಂಪಾಗಿ, ತೊಡೆ ಹಿಡಿದು ಬಗ್ಗಿದರು.

"ನೀರು ಬೇಕಾ ಸ್ವಾಮಿ?" ಮುನಿತಾಯಮ್ಮ ದೂರದಿಂದ ಕೂಗಿದಳು. "ಬಾವಿ ಇನ್ನೂ ಶುದ್ಧಿಯಾಗಿಲ್ಲ, ನಮ್ದೇ ನೀರು!"

ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿತು. ಸಾಹೇಬರು ಮೂಟೆ ಎತ್ತಲು ಹೋದರೆ ಟಗರು ಹಗ್ಗ ಕಿತ್ತಿತು, ಟಗರು ಹಿಡಿದರೆ ಕುಂಬಳಕಾಯಿ ಉರುಳಿತು. ಟಗರು ಬೂಟುಗಾಲಿನ ಸರ್ವೇಯರರನ್ನು ಬಸ್ಸಿಗೆ ವಿರುದ್ಧ ದಿಕ್ಕಿನಲ್ಲಿ ಎಳೆದುಕೊಂಡು ಹೋಗುವುದನ್ನು ನೋಡಿ ಅಪ್ಪಯ್ಯಣ್ಣನ ಆಳುಗಳೂ ಬಾಯಿಗೆ ಟವೆಲ್ ಅಡ್ಡ ಹಿಡಿದರು.

"ಒಂದೂ... ಎರಡೂ..." ಪಾಪಯ್ಯ ಕೂಗಿ ಎಣಿಸುತ್ತಿದ್ದ. ಕೇರಿಯ ಜನ ಒಬ್ಬೊಬ್ಬರಾಗಿ ಬದುವಿನ ಮೇಲೆ ಬಂದು ನಿಂತರು. ನಾಲ್ಕಕ್ಕೆ ಅವರೂ ದನಿ ಸೇರಿಸಿದರು. ಆರನೆಯ ಸರಪಳಿ ಹೊಸ ಗಡಿಕಲ್ಲನ್ನು ದಾಟಿ, ಬಾವಿಯನ್ನು ದಾಟಿ, ತೆನೆಬಿಟ್ಟ ರಾಗಿಯೊಳಕ್ಕೆ ಎರಡು ಹೆಜ್ಜೆ ಹೋಗಿ ನಿಂತಿತು.

"ಲೇ ನನ್ ರಾಗಿ! ಯಾರ್ನ ಕೇಳ್ ಕಾಲಿಟ್ಯೋ ಬೋಳಿಮಗ್ನೆ!" ಅಪ್ಪಯ್ಯಣ್ಣ ದೊಣ್ಣೆ ಹಿಡಿದು ಓಡಿಬಂದ.

ಪಾಪಯ್ಯ ತಲೆಯೆತ್ತಲಿಲ್ಲ. ರಾಗಿಯ ನಡುವೆ ಮಂಡಿಯೂರಿ ಗೂಟ ನಿಲ್ಲಿಸಿದ. "ಎಳೀ ಮುನಿತಾಯಿ" ಎಂದು ಕೂಗಿ, ದೊಣ್ಣೆ ಮೇಲೇಳುವಷ್ಟರಲ್ಲಿ ಕಲ್ಲೆತ್ತಿ ಗೂಟದ ತಲೆಗೆ ಮೊದಲನೇ ಏಟು ಹಾಕಿದ.