ನೂರಿಪ್ಪತ್ತು ಹೆರಿಗೆಗಳು

ಸಂಖ್ಯಾಶಾಸ್ತ್ರದಲ್ಲಿ ಇಪ್ಪತ್ತಕ್ಕೆ ಹದಿನೆಂಟು ಅಂಕ ಬಂದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ೧೯೯೨ರ ಮಾತು. ಚಿಕ್ಕೋಡಿಯಲ್ಲಿ ನಾನು ನರ್ಸಿಂಗ್ ಓದುತ್ತಿದ್ದೆ, ಕೊನೆಯ ವರ್ಷ. ನಮ್ಮ ಕ್ಲಾಸಿನ ಹುಡುಗಿಯರಿಗೆ ಆ ವಿಷಯ ಕಬ್ಬಿಣದ ಕಡಲೆ. ಇಂಜೆಕ್ಷನ್ ಕೊಡು ಅಂದರೆ ಕೊಡುತ್ತಿದ್ದರು, ಗಾಯ ಕಟ್ಟು ಅಂದರೆ ಕಟ್ಟುತ್ತಿದ್ದರು. ಸರಾಸರಿ, ಶೇಕಡಾವಾರು, ಮರಣ ಪ್ರಮಾಣ ಎಂದ ಕೂಡಲೇ ಒಬ್ಬೊಬ್ಬರಿಗೂ ತಲೆನೋವು ಬರುತ್ತಿತ್ತು. ನನಗೆ ಮಾತ್ರ ಬರುತ್ತಿರಲಿಲ್ಲ. ನಮ್ಮವ್ವ ಶೇವಂತಾ ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವಳು. ಅವಳ ಮಗ್ಗುಲಲ್ಲಿ ಕೂತು ಬೀಡಿ ಎಣಿಸುತ್ತಲೇ ಬೆಳೆದವಳು ನಾನು. ಲೆಕ್ಕ ಅಂದರೆ ನನಗೆ ನೀರು ಕುಡಿದಷ್ಟು ಸುಲಭ ಎಂಬ ಸೊಕ್ಕು ಮೊದಲಿನಿಂದಲೂ ಇತ್ತು. ಗೆಳತಿಯರು ನನ್ನನ್ನು ಜಂಬದ ಕೋಳಿ ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪಾಠ ಹೇಳುತ್ತಿದ್ದವರು ಧನಪಾಲ ಸರ್. ಪೇಟೆಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಲೆಕ್ಚರರ್. ಶನಿವಾರ ಮಧ್ಯಾಹ್ನ ನಮ್ಮ ಶಾಲೆಗೆ ಬಂದು ಎರಡು ತಾಸು ಸಂಖ್ಯಾಶಾಸ್ತ್ರ ಹೇಳುತ್ತಿದ್ದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆತನ. ಐದು ಬಡಿಯುತ್ತಲೇ, ಅರ್ಧ ವಾಕ್ಯದಲ್ಲಿದ್ದರೂ ಸರಿ, ಪುಸ್ತಕ ಮುಚ್ಚಿ ಸೈಕಲ್ ಏರುತ್ತಿದ್ದರು.

ಅವರು ಕೊಟ್ಟ ಕೆಲಸ ಇಷ್ಟು. ಆರೋಗ್ಯ ಕೇಂದ್ರದ ದಾಖಲೆ ಪುಸ್ತಕಗಳಿಂದ ಯಾರಾದರೂ ಇಬ್ಬರು ಸೂಲಗಿತ್ತಿಯರ ಹೆರಿಗೆಗಳನ್ನು ತೆಗೆದುಕೊಳ್ಳಬೇಕು, ಒಬ್ಬೊಬ್ಬರದೂ ನೂರಿಪ್ಪತ್ತು. ತಿಂಗಳೊಳಗೆ ತೀರಿಹೋದ ಕೂಸುಗಳೆಷ್ಟು ಎಂದು ಎಣಿಸಿ, ಹೋಲಿಸಿ, ತೀರ್ಮಾನ ಬರೆಯಬೇಕು. ಎರಡು ದಿನ ಕೂತು ನಾನು ಎಲ್ಲವನ್ನೂ ನಕಲು ಮಾಡಿಕೊಂಡೆ. ಕರೋಶಿಯ ಅಕ್ಕುತಾಯಿಯ ಕೈಯಲ್ಲಿ ನೂರಿಪ್ಪತ್ತಕ್ಕೆ ಹತ್ತು ಕೂಸು ಹೋಗಿದ್ದವು. ಸಕ್ಕರೆ ಫ್ಯಾಕ್ಟರಿಯ ಮಗ್ಗುಲಿನ ಹೊಸವಸ್ತಿಯ ಕಮಲಾಬಾಯಿಯ ಕೈಯಲ್ಲಿ ಏಳು. ಹತ್ತು ಏಳಕ್ಕಿಂತ ಹೆಚ್ಚು ಎನ್ನಲು ಕಾಲೇಜು ಕಲಿಯಬೇಕಾಗಿಲ್ಲ. ಆದರೂ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: ‘ಅಕ್ಕುತಾಯಿಯವರ ಕೈಯಲ್ಲಿ ಶಿಶುಮರಣ ಹೆಚ್ಚು. ಇವರನ್ನು ಈ ಕೆಲಸದಲ್ಲಿ ಮುಂದುವರಿಸುವುದು ಸರಿಯಲ್ಲ.’

ಎರಡನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ಬುದ್ಧಿವಂತಿಕೆ ತೋರಿಸಲು ನಾನಾಗಿ ಬರೆದದ್ದು.

ನಮ್ಮ ಪ್ರಿನ್ಸಿಪಾಲರು ಖುಷಿಯಾಗಿ ಆ ಕಾಗದವನ್ನು ಆರೋಗ್ಯ ಕೇಂದ್ರದ ಡಾಕ್ಟರಿಗೆ ಕಳಿಸಿಬಿಟ್ಟರು. ವಾರದೊಳಗೆ ಉತ್ತರ ಬಂತು. ಮುಂದಿನ ಸೋಮವಾರ ಆರೋಗ್ಯ ಕೇಂದ್ರದಲ್ಲಿ ನಡೆಯುವ ಸಭೆಯಲ್ಲಿ ಅಕ್ಕುತಾಯಿ ತನ್ನ ಪೆಟ್ಟಿಗೆ ತಂದೊಪ್ಪಿಸಬೇಕು. ಬ್ಲೇಡು, ದಾರ, ಸಾಬೂನು, ಹತ್ತಿ ಇರುವ ಅಲ್ಯೂಮಿನಿಯಂ ಪೆಟ್ಟಿಗೆ ಅದು. ತರಬೇತಿ ಪಡೆದ ಸೂಲಗಿತ್ತಿಯರಿಗೆ ಸರಕಾರ ಕೊಟ್ಟದ್ದು. ಪೆಟ್ಟಿಗೆ ಹೋದರೆ ಅವಳನ್ನು ಹೆರಿಗೆಗೆ ಕರೆಯಕೂಡದು ಎಂದು ಊರಲ್ಲಿ ಡಂಗುರ ಹೊಡೆಸುತ್ತಾರೆ. ಈ ಸುದ್ದಿಯನ್ನು ಅವಳಿಗೆ ಮುಟ್ಟಿಸುವ ಕೆಲಸವನ್ನೂ ನನಗೇ ಹಚ್ಚಿದರು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ.

ಶುಕ್ರವಾರ ಕರೋಶಿಗೆ ಹೋದೆ. ಅಕ್ಕುತಾಯಿಯ ವಯಸ್ಸು ಅರವತ್ತರ ಮೇಲೆ. ಅಂಗಳದಲ್ಲಿ ಒಬ್ಬ ಬಸುರಿಯನ್ನು ಚಾಪೆಯ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು ಕಣ್ಣು ಮುಚ್ಚಿ ಕೂತಿದ್ದಳು. ಇನ್ನೂ ಇಬ್ಬರು ಬಸುರಿಯರು ಕಟ್ಟೆಯ ಮೇಲೆ ಸರದಿ ಕಾಯುತ್ತಿದ್ದರು. ನಾನು ಬಂದ ಕಾರಣವನ್ನು ಹೇಗೋ ಹೇಳಿ ಮುಗಿಸಿದೆ. ಅವಳು ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಕಾದೆ. ಎರಡೂ ಆಗಲಿಲ್ಲ.

“ಹತ್ತ ಹೋಗ್ಯಾವು, ಖರೆ ಐತಿ,” ಎಂದಳು. “ನಾ ಇಲ್ಲ ಅನ್ನೂದಿಲ್ಲ.”

ಬೆರಳ ಗೆರೆಗಳ ಮೇಲೆ ಹೆಬ್ಬೆರಳು ಸರಿಸುತ್ತ ಒಂದೊಂದೇ ಹೇಳತೊಡಗಿದಳು. ಪದ್ಮವ್ವನ ಗಂಡು ಕೂಸು, ಉಸಿರು ಹಿಡಿಯಲಿಲ್ಲ. ರಾಯಬಾಗದಿಂದ ಬಂದ ಸುಂದರಾಳ ಹೆಣ್ಣು ಕೂಸು, ಎಂಟು ತಿಂಗಳಿಗೇ ಹುಟ್ಟಿದ್ದು. ಹನ್ನೊಂದು ದಿನ ಹತ್ತಿಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಿದ್ದರೂ ಉಳಿಯಲಿಲ್ಲ. ಹೀಗೆ ಹತ್ತು. ತಾಯಿಯ ಹೆಸರು, ಯಾವ ತಿಂಗಳು, ಮಳೆ ಇತ್ತೋ ಬಿಸಿಲಿತ್ತೋ, ಎಲ್ಲ. ನನ್ನ ಚೀಲದಲ್ಲಿ ನಕಲು ಪಟ್ಟಿಯಿತ್ತು. ಒಂದೂ ತಪ್ಪಿರಲಿಲ್ಲ. ನನಗೆ ಆ ಹತ್ತೂ ಒಂದು ಅಂಕಿಯಾಗಿತ್ತು. ಅವಳಿಗೆ ಹತ್ತು ಮುಖ. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

ಮಾತು ಬದಲಿಸಲೆಂದು ಕಟ್ಟೆಯ ಮೇಲಿದ್ದ ಒಬ್ಬಳನ್ನು ಕೇಳಿದೆ: “ನೀ ಯಾವೂರಾಕಿ ತಂಗಿ?”

“ಕೊಟ್ಟದ್ದ ಅಥಣಿಗಿರಿ. ತವರ ಇದs ಊರ. ಚೊಚ್ಚಲ ಅಲ್ಲೇನ್ರಿ, ಸೀರಿ ಉಡಿಸಿ ಕುಬಸಾ ಮಾಡಿ ಕರಕೊಂಡ ಬಂದಾರ.”

ಇನ್ನೊಬ್ಬಳು ಐನಾಪುರದ ಸೊಸೆ, ಅವಳಿಗೂ ಚೊಚ್ಚಲ. ಚಾಪೆಯ ಮೇಲಿದ್ದವಳ ತವರು ಈ ಊರೂ ಅಲ್ಲ, ಬೇಡಕಿಹಾಳ. “ಚೊಚ್ಚಲಕ್ಕ ಅಕ್ಕುತಾಯಿ ಕೈನ ಬೇಕ ಅಂತ ನಮ್ಮವ್ವ ಇಲ್ಲೆ ಕಾಕಾನ ಮನ್ಯಾಗ ಇಟ್ಟಾಳ್ರಿ,” ಎಂದಳು.

ಮೂರಕ್ಕೆ ಮೂರೂ ಚೊಚ್ಚಲ. ಮೊದಲ ಹೆರಿಗೆಯೇ ಎಲ್ಲಕ್ಕಿಂತ ಕಷ್ಟದ್ದು, ಕೂಸಿಗೂ ಅಪಾಯ ಹೆಚ್ಚು ಎಂದು ಎರಡನೆಯ ವರ್ಷದಲ್ಲೇ ಬಾಯಿಪಾಠ ಮಾಡಿದ್ದೆ. ಚೊಚ್ಚಲಕ್ಕೆ ಹೆಣ್ಣು ತವರಿಗೆ ಬರುತ್ತಾಳೆ ಎಂಬುದು ಹುಟ್ಟಿದಾಗಿನಿಂದ ಗೊತ್ತು. ಎರಡೂ ಗೊತ್ತಿದ್ದೂ ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಕರೋಶಿ ಹಳೆಯ ಊರು. ಅಲ್ಲಿಂದ ಕೊಟ್ಟ ಹೆಣ್ಣುಮಕ್ಕಳೆಲ್ಲ ಚೊಚ್ಚಲಕ್ಕೆ ಅಲ್ಲಿಗೇ ಬರುತ್ತಾರೆ. ಹೊಸವಸ್ತಿಯೋ ಫ್ಯಾಕ್ಟರಿ ಬಂದ ಮೇಲೆ ಆದದ್ದು. ಅಲ್ಲಿ ಇರುವವರೆಲ್ಲ ಸೊಸೆಯಂದಿರು. ಚೊಚ್ಚಲಕ್ಕೆ ತಮ್ಮ ತಮ್ಮ ತವರಿಗೆ ಹೋಗಿ, ಎರಡನೆಯದಕ್ಕೆ ಮೂರನೆಯದಕ್ಕೆ ಕಮಲಾಬಾಯಿಯನ್ನು ಕರೆಯುತ್ತಾರೆ.

ಬಸ್ಸಿನಲ್ಲಿ ಪಟ್ಟಿ ಬಿಚ್ಚಿದೆ. ‘ಎಷ್ಟನೆಯ ಹೆರಿಗೆ’ ಎಂಬ ಕಾಲಮ್ಮನ್ನೂ ನಾನೇ ನಕಲು ಮಾಡಿಕೊಂಡಿದ್ದೆ. ಆದರೆ ಒಮ್ಮೆಯೂ ಓದಿರಲಿಲ್ಲ. ಆ ಬಸ್ಸು ಕುಲುಕುವ ರೀತಿಗೆ ಅದರಲ್ಲಿ ಕೂತು ಎಣಿಸುವುದಂತೂ ಸಾಧ್ಯವಿರಲಿಲ್ಲ.

ಶನಿವಾರದ ಕ್ಲಾಸಿನಲ್ಲಿ ಎಲ್ಲರೆದುರು ಹೇಳಲಾಗದೆ, ಭಾನುವಾರ ನಾಲ್ಕು ಗಂಟೆಗೆ ಧನಪಾಲ ಸರ್ ಮನೆಗೆ ಹೋದೆ. ಸಂಗತಿ ಕೇಳಿ ಮೊದಲು ಅವರು ನಕ್ಕರು.

“ಸುಗಂಧಾ, ಹತ್ತಂದ್ರ ಹತ್ತ, ಏಳಂದ್ರ ಏಳ. ಮರುಕ ಪಟ್ಟು ಅಂಕಿ ತಿದ್ದಾಕ ಬರೂದಿಲ್ಲವಾ.”

“ತಿದ್ದೂದ ಬ್ಯಾಡ್ರಿ ಸರ್. ಬ್ಯಾರೆ ಮಾಡೂನ್ರಿ, ಅಷ್ಟs.”

ನಾನು ಒಂದೊಂದೇ ಸಾಲು ಓದಿದೆ, ಅವರು ಗೀಟು ಹಾಕಿದರು. ಚೊಚ್ಚಲ ಒಂದು ಕಡೆ, ನಂತರದವು ಇನ್ನೊಂದು ಕಡೆ. ಇನ್ನೂರ ನಲವತ್ತು ಗೀಟು. ಎಣಿಸಿದಾಗ ಅಕ್ಕುತಾಯಿಯ ನೂರಿಪ್ಪತ್ತರಲ್ಲಿ ತೊಂಬತ್ತು ಚೊಚ್ಚಲ, ಹೋದವು ಒಂಬತ್ತು. ಅಂದರೆ ನೂರಕ್ಕೆ ಹತ್ತು. ಕಮಲಾಬಾಯಿಯಲ್ಲಿ ಚೊಚ್ಚಲ ಬರೇ ಇಪ್ಪತ್ತು, ಹೋದವು ಮೂರು. ನೂರಕ್ಕೆ ಹದಿನೈದು.

ಸರ್ ಪೆನ್ಸಿಲ್ ತಡೆದರು. “ಚೊಚ್ಚಲದಾಗ ಅಕ್ಕುತಾಯಿನ ಮ್ಯಾಲ ಅದಾಳಲ್ಲ! ಹಂಗಾದ್ರ ಉಳದದ್ರಾಗ ಆಕಿ ಭಾಳ ಕೆಟ್ಟಿರಬೇಕು.”

ಉಳಿದದ್ದನ್ನೂ ಲೆಕ್ಕ ಹಾಕಿದೆವು. ಅಕ್ಕುತಾಯಿಯಲ್ಲಿ ಮೂವತ್ತಕ್ಕೆ ಒಂದು. ನೂರಕ್ಕೆ ಮೂರು ಚಿಲ್ಲರೆ. ಕಮಲಾಬಾಯಿಯಲ್ಲಿ ನೂರಕ್ಕೆ ನಾಲ್ಕು. ಅಲ್ಲಿಯೂ ಅಕ್ಕುತಾಯಿಯೇ ಮೇಲು.

ನಾನು ಮತ್ತೆ ಕೂಡಿಸಿದೆ. ಒಂಬತ್ತು ಮತ್ತು ಒಂದು, ಹತ್ತು. ಮೂರು ಮತ್ತು ನಾಲ್ಕು, ಏಳು. ಒಂದು ಕೂಸೂ ಹೆಚ್ಚಾಗಿರಲಿಲ್ಲ, ಒಂದೂ ಕಡಿಮೆಯಾಗಿರಲಿಲ್ಲ. ಚೊಚ್ಚಲದಲ್ಲಿ ಅಕ್ಕುತಾಯಿ ಮೇಲು, ಉಳಿದದ್ದರಲ್ಲೂ ಅಕ್ಕುತಾಯಿ ಮೇಲು, ಎರಡನ್ನೂ ಕೂಡಿಸಿದರೆ ಕಮಲಾಬಾಯಿ ಮೇಲು! ನಡುವೆ ಒಂದು ಗೆರೆ ಎಳೆದದ್ದಷ್ಟೇ ನಾವು ಮಾಡಿದ ಕೆಲಸ. ಅಪಾಯದ ಚೊಚ್ಚಲಗಳೇ ಅಕ್ಕುತಾಯಿಯ ಪಾಲಿಗೆ ಹೆಚ್ಚು ಬಂದಿದ್ದವು. ಲೆಕ್ಕ ಅಂದರೆ ನಂಬಿಗಸ್ತ ಎಂದುಕೊಂಡಿದ್ದೆ; ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ ಉಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂಡುತ್ತದೆ ಎಂದು ಅಂದೇ ಗೊತ್ತಾದದ್ದು.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಒಳಗಿನಿಂದ ಅವರ ಹೆಂಡತಿ ಕುಸುಮ ಅವರು ಎರಡು ಸಲ ಊಟಕ್ಕೆ ಕರೆದರು. “ಹೊತ್ತ ಮುಳಗಾಕತ್ತೇತ್ರಿ,” ಎಂದರು. ಸರ್ ಏಳಲಿಲ್ಲ. ಮೊದಲಿನಿಂದ ಇನ್ನೊಮ್ಮೆ ಎಣಿಸಿದರು, ಮತ್ತೂ ಒಮ್ಮೆ ಎಣಿಸಿದರು. ಹೊತ್ತು ಮುಳುಗಿಯೇ ಬಿಟ್ಟಿತು. ಆ ದಿನ ಅವರಿಗೆ ಉಪವಾಸ.

“ಇಂಥಾದ್ದ ಇರತೈತಿ ಅಂತ ಪುಸ್ತಕದಾಗ ಓದೇನಿ,” ಎಂದರು ಕೊನೆಗೆ. “ವರ್ಷಾ ವರ್ಷಾ ಹುಡುಗರಿಗಿ ಬೋರ್ಡಿನ ಮ್ಯಾಲೂ ಬರದ ತೋರಸ್ತೀನಿ. ಆದ್ರ ನಮ್ಮ ಕರೋಶ್ಯಾಗ, ನಮ್ಮ ಮಂದಿ ನಡುವ... ನಿನಗ ಹದಿನೆಂಟ ಮಾರ್ಕ ಕೊಟ್ಟಾವ ನಾನs ನೋಡು. ತಪ್ಪ ನಿಂದಷ್ಟs ಅಲ್ಲ.” ಮತ್ತೆ ಹೇಳಿದರು: “ಇನ್ನೊಂದ ತಲ್ಯಾಗ ಇಟ್ಕೊ. ಇಪ್ಪತ್ತರಾಗ ಮೂರು ಅನ್ನೂದು ಸಣ್ಣ ಸಂಖ್ಯೆ. ಇದನ್ನ ಹಿಡಕೊಂಡು ನಾಳೆ ಕಮಲಾಬಾಯಿ ಮ್ಯಾಲ ಬೀಳಬ್ಯಾಡ.”

ಸೋಮವಾರ ಸಭೆಗೆ ಸರ್ ರಜೆ ಹಾಕಿ ನನ್ನ ಜೊತೆ ಬಂದರು. ಅಕ್ಕುತಾಯಿ ಪೆಟ್ಟಿಗೆಯನ್ನು ಉಜ್ಜಿ ಬೆಳಗಿ ತಂದು ಬಾಗಿಲ ಹತ್ತಿರ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡಾಕ್ಟರು ನಮ್ಮ ಹೊಸ ಲೆಕ್ಕದ ಕಾಗದವನ್ನು ಸಿಡುಕಿನಿಂದಲೇ ಎತ್ತಿಕೊಂಡರು. ಓದುತ್ತ ಓದುತ್ತ ಸಿಡುಕು ಇಳಿಯಿತು. ಪುಸ್ತಕ ತರಿಸಿ ತಾವೇ ಐದಾರು ಪುಟ ತಾಳೆ ನೋಡಿದರು. ಆಮೇಲೆ ಎದ್ದು ಬಾಗಿಲ ತನಕ ಹೋಗಿ, “ಆಯಿ, ಪೆಟಗಿ ತಗೊಂಡ ಮನೀಗಿ ಹೋಗ್ರಿ. ನಮ್ಮದs ಚುಕ್ಕ ಆಗೇತಿ,” ಎಂದರು. ಡಾಕ್ಟರೊಬ್ಬರು ತಪ್ಪೊಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಅಳು ಬಂತು. ಅಕ್ಕುತಾಯಿಯೋ ಪೆಟ್ಟಿಗೆ ಎತ್ತಿಕೊಂಡು ಹೊರಗೆ ನಡೆದಳು.

ನಾನು ಹಿಂದೆಯೇ ಓಡಿದೆ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂಡಿಸಿ ಎಲ್ಲವನ್ನೂ ಬಿಡಿಸಿ ಹೇಳಿದೆ. ತಪ್ಪು ನನ್ನದೇ ಎಂದೂ ಹೇಳಿದೆ. ಅವಳಿಗೆ ಓದು ಬಾರದು; ಅದಕ್ಕೇ ಕಾಗದ ತೋರಿಸಿ, ಇದು ನಿನ್ನ ಚೊಚ್ಚಲ, ಇದು ಕಮಲಾಬಾಯಿಯ ಚೊಚ್ಚಲ ಎಂದು ಬೆರಳಿಟ್ಟು ತೋರಿಸಿದೆ. ನಿನ್ನ ಕೈಯೇ ಮೇಲು ಆಯಿ, ಎಂದೆ. ಅವಳು ಹಿಗ್ಗುತ್ತಾಳೆ ಎಂದು ನನ್ನ ಎಣಿಕೆ. ಅವಳು ನನ್ನ ಬೆರಳು ಇದ್ದ ಜಾಗವನ್ನೇ ನೋಡುತ್ತಿದ್ದಳು.

“ಯವ್ವಾ, ಹೊಸವಸ್ತಿಯೊಳಗ ಚೊಚ್ಚಲ ಎಷ್ಟ ಅಂದಿ?”

“ಇಪ್ಪತ್ತ, ಆಯಿ.”

“ಇಪ್ಪತ್ತ ಹುಡಿಗ್ಯಾರು ಚೊಚ್ಚಲಕ್ಕ ತವರಿಗಿ ಹೋಗಲಿಲ್ಲ?”

ನಾನು ಕಾಗದದ ಮೇಲಿನ ಆ ಇಪ್ಪತ್ತನ್ನು ಮತ್ತೆ ನೋಡಿದೆ.

“ಮಗಳ ಚೊಚ್ಚಲ ಬಾಣಂತನಾ ಮಾಡದ ತವರ ಈ ಸೀಮ್ಯಾಗ ಎಲ್ಲೆರ ಐತೇನ? ಗಂಜಿ ಕುಡದಾದರೂ ಕರಕೊಂಡ ಬರ್ತಾರ. ಇವರು ಹೋಗಿಲ್ಲ ಅಂದ್ರ ಕರಿಯಾಕ ಯಾರೂ ಇಲ್ಲ ಅಂತ. ಅವ್ವ ಇಲ್ಲ, ಅಪ್ಪ ಇಲ್ಲ, ಅಣ್ಣತಮ್ಮ ಕೇಳೂದಿಲ್ಲ. ಒಂಬತ್ತ ತಿಂಗಳ ತನಕ ಕಬ್ಬಿನ ಹೊಲದಾಗ ದುಡದು, ನೋವ ಬಂದ ಮ್ಯಾಲ ಮಲಗಿರತಾರ. ಕಮಲಾಬಾಯಿ ಕೈಯಾಗ ಏನ ಉಳದಿರತೈತಿ ಪಾಪ!”

ಆ ಕಾಗದವನ್ನು ನಾನು ನೋಡಿದ್ದೆ, ಧನಪಾಲ ಸರ್ ನೋಡಿದ್ದರು, ಡಾಕ್ಟರು ನೋಡಿದ್ದರು. ಇಪ್ಪತ್ತು ನಮಗೆ ಭಾಗಿಸುವ ಸಂಖ್ಯೆಯಾಗಿತ್ತು. ಸಣ್ಣ ಸಂಖ್ಯೆ ಎಂದು ಸರ್ ಎಚ್ಚರಿಕೆ ಬೇರೆ ಕೊಟ್ಟಿದ್ದರು. ಆ ಸಣ್ಣ ಸಂಖ್ಯೆಯೊಳಗೆ ಇಪ್ಪತ್ತು ಅನಾಥ ಹುಡುಗಿಯರು ಕೂತಿದ್ದದ್ದು, ಕಾಗದ ಓದಲು ಬಾರದ ಒಬ್ಬ ಮುದುಕಿಗೆ ಮಾತ್ರ ಕಂಡಿತು. ನನ್ನ ಹದಿನೆಂಟು ಅಂಕವನ್ನು ಅಲ್ಲೇ ಅವಳ ಕಾಲ ಬಳಿ ಇಟ್ಟುಬಿಡಬೇಕು ಅನ್ನಿಸಿತು.

ಕರೋಶಿಯ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ. ಹೊಸವಸ್ತಿಗೆ ಯಾವ ಬಸ್ಸು ಎಂದು ಕೇಳಿದಳು. ಇಬ್ಬರೂ ಹೋದೆವು. ಅಕ್ಕುತಾಯಿಯ ಪೆಟ್ಟಿಗೆಯ ಸುದ್ದಿಯನ್ನು ಕಮಲಾಬಾಯಿ ಮೊದಲೇ ಕೇಳಿದ್ದಳು. ಜಗಳಕ್ಕೆ ಬಂದರೆಂದು ತಿಳಿದು ಬಾಗಿಲಲ್ಲೇ ಸೆರಗು ಬಿಗಿದು ನಿಂತಳು. ಅಕ್ಕುತಾಯಿ ನನ್ನ ಲೆಕ್ಕದ ಮಾತೇ ಎತ್ತಲಿಲ್ಲ. ನೀರು ಬೇಡಿ ಕುಡಿದು, ತಂಬಿಗೆ ಕೆಳಗಿಟ್ಟಳು.

“ತಂಗಿ, ನಿಮ್ಮ ವಸ್ತಿಯೊಳಗ ತವರ ಇಲ್ಲದಾಕಿ ಯಾರರ ಚೊಚ್ಚಲ ಬಸುರಾದ್ರ, ಏಳ ತುಂಬೂದ್ರಾಗ ನಮ್ಮನಿಗಿ ಕಳಸು,” ಎಂದಳು. “ಎಲ್ಲಿಗಿ ಹೊಂಟಿ ಅಂತ ಓಣ್ಯಾಗ ಯಾರರ ಕೇಳಿದ್ರ, ತವರಿಗಿ ಹೊಂಟೇನಿ ಅಂತ ಹೇಳಾಕ ಹೇಳು.”