ಕಾರಂಜಾದ ಸಿಂಪಿ

ಮದುವೆಯಾಗಿ ವರ್ಷ ಕಳೆದ ಮೇಲೆ ಅತ್ತೆ ಲಲಿತಾಬಾಯಿ ಕೊನೆಗೂ ಹೇಳಿಕಳಿಸಿದ್ದರು. ಭಾನುವಾರ ಸಂಜೆ ಮನೆಗೆ ಬರಲಿ, ಎಲ್ಲರ ಜೊತೆ ಒಳಗೆ ಕೂತು ಉಣ್ಣಲಿ ಅಂತ. ನಾನು ಆಮ್ರಪಾಲಿ, ಸಂತಪುರದ ಬೌದ್ಧರ ಮಗಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಗಂಡ ಅಮಿತಕುಮಾರ ಬೀದರಿನ ಲಿಂಗಾಯತರ ಹುಡುಗ. ರಿಜಿಸ್ಟರ್ ಮದುವೆಯಾಗಿ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆಯ ಹೊಸ್ತಿಲು ನಾನಿನ್ನೂ ದಾಟಿರಲಿಲ್ಲ. ಅವರ ಸಲುವಾಗಿ ಮಾಂಸ, ಮೊಟ್ಟೆ ಎಲ್ಲ ಬಿಟ್ಟಿದ್ದೆ. ಬಿಡು ಅಂತ ಯಾರೂ ಹೇಳಿರಲಿಲ್ಲ. ನಾನೇ ಬಿಟ್ಟೆ, ದಡ್ಡಿ.

ಆ ಭಾನುವಾರ ಬೆಳಿಗ್ಗೆ ನಾದಿನಿ ಬಸವೇಶ್ವರಿ ಕಾರು ತಂದು, ಕಾರಂಜಾ ಡ್ಯಾಮಿಗೆ ಹೋಗೋಣ ಅಂತ ಕೂತುಬಿಟ್ಟಳು. ಬೇಸಿಗೆಗೆ ನೀರು ಹಿಂದೆ ಸರಿದು, ಭಾಲ್ಕಿ ಕಡೆಯ ದಂಡೆಯಲ್ಲೆಲ್ಲ ಕೆಸರು ತೆರೆದುಕೊಂಡಿತ್ತು. ಅದರಲ್ಲಿ ಅರ್ಧ ಹೂತ ಸಿಂಪಿಗಳು, ಒಂದೊಂದೂ ಅಂಗೈಯಷ್ಟು. ಸಮುದ್ರದ ಕಡೆಯವರು ಚಿಪ್ಪಿನೊಳಗಿನ ಮಾಂಸವನ್ನು ಬೆಣ್ಣೆ, ಬೆಳ್ಳುಳ್ಳಿಯಲ್ಲಿ ಹುರಿದು ತಿನ್ನುವುದನ್ನು ಇವಳು ಮೊಬೈಲಿನಲ್ಲಿ ನೋಡಿದ್ದಳಂತೆ. ಡಿಕ್ಕಿಯಲ್ಲಿ ಸಣ್ಣ ಗ್ಯಾಸು, ಪಾತೇಲಿ, ಬೆಣ್ಣೆ, ಚಾಕು ಎಲ್ಲ ಮೊದಲೇ ತುಂಬಿಕೊಂಡು ಬಂದಿದ್ದಳು.

"ವೈನಿ, ನೀವೇ ಆರಿಸ್ರಿ, ನೀವೇ ಸಾಫ್ ಮಾಡ್ರಿ. ನಮ್ಮ ಕೈಗೆ ಇವೆಲ್ಲ ರೂಢಿ ಇಲ್ಲ," ಅಂದಳು.

"ನಾ ಹುಟ್ಟಿದಾಗಿಂದ ಸಿಂಪಿ ಮುಟ್ಟಿಲ್ಲ, ಬಸೂ."

"ಹಂಗಂದ್ರ ಹ್ಯಾಂಗ್ರಿ? ನಿಮ್ಮ ಮನ್ಯಾಗ ಎಲ್ಲಾ ತಿಂತಾರಲ್ಲ."

ಮೈ ಉರಿಯಿತು. ಅಮಿತ ಹತ್ತಿರ ಬಂದು ಮೆಲ್ಲಗೆ, "ಮಾಡಿಕೊಡು. ಸಂಜಿಮುಂದ ಅವ್ವನ ಎದುರ ನಿನ್ನ ಪರ ಮಾತಾಡಾಕಿ ಅಕಿನೇ," ಅಂದ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಸೀರೆ ಎತ್ತಿಕಟ್ಟಿದೆ.

ಮೊಳಕಾಲಿನವರೆಗೆ ಕೆಸರು. ಕಾಲ್ಬೆರಳಿನಿಂದ ತಡವಿ ಹುಡುಕಬೇಕು, ಬಗ್ಗಿ ಕೀಳಬೇಕು. ಬಾಯಿ ತೆರೆದಿದ್ದನ್ನು ಕಲ್ಲಿನಿಂದ ತಟ್ಟಿದರೆ, ಜೀವವಿದ್ದರೆ ಗಪ್ಪನೆ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಸತ್ತಿದೆ, ಬಿಸಾಡು. ಹಾಗಂತ ಬಸವೇಶ್ವರಿ ಜಾಲಿಮರದ ನೆರಳಿನಲ್ಲಿ ಜಮಖಾನೆಯ ಮೇಲೆ ಕೂತು ಮೊಬೈಲು ನೋಡಿ ನನಗೆ ಪಾಠ ಹೇಳಿದಳು. ಬಕೀಟಿನ ನೀರಿಗೆ ಹಾಕಿದರೆ ಅವು ಕೆಸರು ಕಾರುತ್ತಲೇ ಇದ್ದವು. ನೀರು ಚೆಲ್ಲಿ, ಮತ್ತೆ ಹೊತ್ತು ತಂದು, ಮತ್ತೆ ಚೆಲ್ಲಿ ಸೊಂಟ ಬಿದ್ದುಹೋಯಿತು. ಕುದಿನೀರಿಗೆ ಬಿದ್ದ ಮೇಲೆ ಬಾಯಿ ಬಿಟ್ಟವು. ಒಂದೊಂದನ್ನೂ ಚಾಕುವಿನಿಂದ ಬಿಡಿಸಿ, ಒಳಗಿನ ಕರೀ ಹೊಲಸನ್ನು ಉಗುರಿನಿಂದ ಹಿಂಡಿ ತೆಗೆಯಬೇಕು. ವಾಸನೆ ಉಗುರಿನ ಸಂದಿಗೆಲ್ಲ ಹತ್ತಿಕೊಂಡಿತು. ಚಾಕು ಜಾರಿ ಹೆಬ್ಬೆರಳು ಕೊಯ್ದಿತು. "ರಕ್ತ ಅದರಾಗ ಬಿದ್ದೀತ್ರಿ ವೈನಿ," ಅಂದಳು ಬಸವೇಶ್ವರಿ.

ಅಣ್ಣ ತಂಗಿ ಚಪ್ಪರಿಸಿ ತಿಂದರು. ಅಮಿತ ತಾಟಿಗೆ ಅಂಟಿದ ಬೆಣ್ಣೆಯನ್ನೂ ನೆಕ್ಕಿದ. ನಾನು ಒಂದು ಚೂರೂ ಬಾಯಿಗಿಡಲಿಲ್ಲ. ಅತ್ತೆಯ ಕೈ ಊಟಕ್ಕೆ ಅಂತ ಹಸಿವನ್ನು ಹಾಗೇ ಉಳಿಸಿಕೊಂಡೆ.

ಬೀದರಿಗೆ ಬಂದು ನಮ್ಮ ಮನೆಯಲ್ಲಿ ಮೈ ತೊಳೆದು, ಹೊಸ ಸೀರೆ ಉಟ್ಟೆ. ಸೋಪು ಕರಗುವಷ್ಟು ಕೈ ಉಜ್ಜಿದೆ. ದೀಪ ಹಚ್ಚುವ ಹೊತ್ತಿಗೆ ಅತ್ತೆಯ ಹೊಸ್ತಿಲ ಮುಂದೆ ನಿಂತಿದ್ದೆವು. ಬಗ್ಗಿ ಕಾಲು ಮುಟ್ಟಿದೆ. ಎತ್ತಲು ನನ್ನ ಕೈ ಹಿಡಿದವರು ಮೂಗು ಸಿಂಡರಿಸಿ ಬಿಟ್ಟುಬಿಟ್ಟರು.

"ಇದೇನ ನಾತ?"

ಬಸವೇಶ್ವರಿ ಥಟ್ಟನೆ ಅಂದಳು, "ವೈನಿ ದಂಡ್ಯಾಗ ಸಿಂಪಿ ಆರಿಸಿ, ಬೇಯಿಸ್ಕೊಂಡು ತಿಂದ್ರವ್ವ. ನಾವು ದೂರ ಕುಂತಿದ್ದೆವು."

ನಾನು ಅಮಿತನ ಮುಖ ನೋಡಿದೆ. ಅತ್ತೆಯೂ ನೋಡಿದರು. ಅವನು ಚಪ್ಪಲಿ ಬಿಡುತ್ತಾ ಅಂದ, "ಹೌದವ್ವ. ನಾ ಬ್ಯಾಡ ಬ್ಯಾಡಂದೆ. ಕೇಳಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಸುಳ್ಳು ಹೇಳ್ಲತ್ತಾರ್ರಿ ಅತ್ತಿ. ತಿಂದವರು ಇವರಿಬ್ಬರು. ನಾ ಮುಂಜಾನಿಂದ ಬರೇ ನೀರಿನ ಮ್ಯಾಲ ಇದ್ದೇನಿ," ಅಂದೆ.

ಅತ್ತೆ ಸಿಟ್ಟಾಗಲಿಲ್ಲ, ಅದೇ ಕೆಟ್ಟದ್ದು. ಮರುಕದ ಮುಖ ಮಾಡಿದರು. "ತಿಂದಿದ್ದಕ್ಕ ನಾ ಏನೂ ಅನ್ನಲ್ಲವಾ. ನಾಲಿಗಿ ರೂಢಿ ಬಿಡಂದ್ರ ಬಿಡ್ತದೇನು? ಆದ್ರ ಗಂಡನ ಮ್ಯಾಲ ಹಾಕಬಾರದು." ಮಗನ ಕಡೆ ತಿರುಗಿ, "ಆ ನಾತದಾಗ ದಿನ ಪೂರಾ ಉಪಾಸ ಕುಂತೀ ಏನೋ ನನ್ನ ಕೂಸೇ. ಬಾ ಒಳಗ, ಹೋಳಿಗಿ ಬಿಸಿ ಅದಾವ," ಅಂದರು.

ಕೂಸು ಕೈಕಾಲು ತೊಳೆದು ಹಣೆಗೆ ವಿಭೂತಿ ಹಚ್ಚಿಕೊಂಡಿತು. "ನೀ ಕಾರಿನ್ಯಾಗ ಕುಂದ್ರು, ಉಂಡು ಬರ್ತೇನಿ," ಅಂದು ಒಳಗೆ ಹೋಯಿತು. ತುಪ್ಪ ಇನ್ನಷ್ಟು ಹಾಕು ಅಂತ ಕೇಳಿದ್ದು ಅಂಗಳದಲ್ಲಿ ನಿಂತ ನನಗೆ ಕೇಳಿಸಿತು.

ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದೆ. ನಮ್ಮೂರ ಮೇಲೆ ಹೋಗುವ ಔರಾದಿನ ಬಸ್ಸು ಇನ್ನೂ ನಿಂತಿತ್ತು. ಕಿಟಕಿಗೆ ಕೂತು ಅಳುತ್ತಿರುವಾಗ ಅಮಿತನ ಫೋನು ಬಂತು.

"ಎಲ್ಲಿ ಹೋದಿ? ಹಿಂಗ ಸಿಟ್ಟಾದ್ರ ಹ್ಯಾಂಗ? ನಾ ಹೇಳಿದ ಮ್ಯಾಲ ಅವ್ವ ತಾನೇ ನಿನಗ ಹೋಳಿಗಿ ಕಟ್ಟಿ ಕೊಟ್ಟಾಳ. ಡಬ್ಬಿ ತುಂಬ."

ಇಷ್ಟಾದರೂ ಡಬ್ಬಿ ತುಂಬ ಅಂದದ್ದಕ್ಕೆ ಹಾಳು ಮನಸ್ಸು ಒಂದು ಗಳಿಗೆ ಕರಗಿತ್ತು, ಅದು ಖರೆ.

"ಇನ್ನೊಂದು ಕೇಳು," ಅಂದ. ಅವನ ದನಿಯಲ್ಲಿ ಖುಷಿಯಿತ್ತು. "ಡಬ್ಬಿ ತಿರುಗಿ ಕೊಡೋದು ಬ್ಯಾಡಂತ."

ಕಂಡಕ್ಟರ್ ಬಂದು ಎಲ್ಲಿಗೆ ಅಂತ ಕೇಳಿದ. ಸಂತಪುರಕ್ಕೆ ಒಂದು ಕೊಡ್ರಿ ಅಂದೆ.